ಹರಿಗೋಲಿನ ಉಂಬಳಿ

ಪಾಳೆಯಗಾರರು ಆಳುತ್ತಿದ್ದ ಕಾಲ. ಹೊಳೆಯ ದಡದಲ್ಲಿ ಒಂದು ಸಣ್ಣ ಮಠ. ಮಠದಲ್ಲಿ ಇಬ್ಬರೇ ಇದ್ದರು, ಗುರು ಒಬ್ಬರು, ಶಿಷ್ಯ ಒಬ್ಬ.

ಗುರುವನ್ನು ಸುತ್ತಿನವರೆಲ್ಲ ಅಜ್ಜಯ್ಯ ಎನ್ನುತ್ತಿದ್ದರು. ಶಿಷ್ಯನ ಹೆಸರು ತಿಪ್ಪರಸ. ಕರಣಿಕರ ಮನೆತನದವನು. ಅವನ ತಂದೆ, ತಾತ, ಮುತ್ತಾತ ಎಲ್ಲರೂ ಅರಮನೆಯ ದಾನಪತ್ರಗಳನ್ನು ಬರೆದವರು. ಅದನ್ನೆಲ್ಲ ಬಿಟ್ಟು ದೇವರನ್ನು ಅರಿಯಬೇಕೆಂದು ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು.

ಮಠಕ್ಕೆ ಎಂಟು ಖಂಡುಗ ಬಿತ್ತುವಷ್ಟು ಗದ್ದೆಯಿತ್ತು. ಒಂಬತ್ತು ಒಕ್ಕಲು ಅದನ್ನು ಉಳುತ್ತಿದ್ದವು. ಗದ್ದೆಯ ಅಂಚಿನಲ್ಲೇ ಅವರ ಗುಡಿಸಲು.

ಅದು ಉಂಬಳಿ ಭೂಮಿ. ಉಂಬಳಿ ಎಂದರೆ ಸುಮ್ಮನೆ ಉಣ್ಣುವುದಲ್ಲ, ಒಂದು ಕೆಲಸಕ್ಕೆ ಕಟ್ಟುಬಿದ್ದು ಉಣ್ಣುವುದು. ಇಲ್ಲಿನ ಕೆಲಸ ಹೊಳೆಗೆ ಹರಿಗೋಲು ಹಾಕುವುದು. ತಾಮ್ರಪಟದಲ್ಲಿ ಹೀಗೆ ಕೆತ್ತಿತ್ತು: ದಡದಲ್ಲಿ ನಿಂತು ಕೂಗಿದವರನ್ನು, ಅವರು ಯಾರೇ ಆಗಲಿ, ದಾಟಿಸತಕ್ಕದ್ದು. ಒಂದು ಕೂಗು ತಪ್ಪಿದರೂ ಭೂಮಿ ಅರಮನೆಗೆ.

ಆ ವರ್ಷ ಹಳೆಯ ನಾಯಕರು ತೀರಿಹೋದರು. ಹೊಸಬರು ಪಟ್ಟಕ್ಕೆ ಬಂದರು. ಉಂಬಳಿ ಹಿಡಿದವರೆಲ್ಲ ಹೊಸದಾಗಿ ಪ್ರಮಾಣ ಮಾಡಬೇಕೆಂದು ಡಂಗುರ ಸಾರಿಸಿದರು. ಶ್ರಾವಣದ ಮೂರನೆಯ ಸೋಮವಾರ ಅರಮನೆಯ ಪಾರುಪತ್ಯಗಾರ ಕೋನಪ್ಪ ಈ ದಡಕ್ಕೆ ಬರುವುದೆಂದು ಗೊತ್ತಾಯಿತು.

ಪ್ರಮಾಣಕ್ಕೆ ಒಂದು ಕ್ರಮವಿತ್ತು. ಯುಗಾದಿಯಿಂದ ಈಚೆಗೆ ಯಾರ ಕೈಯಲ್ಲಿ ಹರಿಗೋಲಿನ ಹುಟ್ಟು ಇದೆಯೋ ಅವನೇ ಮಾಡಬೇಕು. ಪಾದ ಮುಳುಗುವಷ್ಟು ನೀರಲ್ಲಿ ನಿಂತು, ಉಂಬಳಿಯ ಗದ್ದೆಯಿಂದ ತಂದ ಮಣ್ಣಿನ ಹೆಂಟೆಯನ್ನು ಬಲಗೈಯಲ್ಲಿ ಹಿಡಿದು, "ಕೂಗು ತಪ್ಪಿಲ್ಲ" ಎಂದು ಮೂರು ಸಲ ಹೇಳಬೇಕು. ಹೇಳಿದರೆ ಹೆಂಟೆ ಗದ್ದೆಗೆ ಮರಳುತ್ತದೆ. ಹೇಳಲಾಗದಿದ್ದರೆ ಅದನ್ನು ಅರಮನೆಯವರ ಕೈಗೆ ಇಡಬೇಕು. ಇಟ್ಟ ಗಳಿಗೆಗೇ ಭೂಮಿ ಹೋದಂತೆ.

ಹೋದರೆ ಯಾರ ಪಾಲಾಗುತ್ತದೆ ಎಂಬುದೂ ಊರಿಗೆಲ್ಲ ಗೊತ್ತಿತ್ತು. ದಳವಾಯಿಯ ಬಾವಮೈದುನ ಈ ಗದ್ದೆಯ ಮೇಲೆ ಕಣ್ಣಿಟ್ಟು ಮೂರು ವರ್ಷವಾಗಿತ್ತು. ಅವನಿಗೆ ತನ್ನದೇ ಆಳುಗಳಿದ್ದರು. ಒಂಬತ್ತು ಒಲೆಗಳೂ ಆರಿದಂತೆಯೇ.

ಆ ವರ್ಷವೂ ಯುಗಾದಿಯಿಂದ ಹುಟ್ಟು ಹಿಡಿದವನು ತಿಪ್ಪರಸನೇ.

ಭಾನುವಾರ ಮಧ್ಯಾಹ್ನ, ಉಂಡು ಕೈ ತೊಳೆದ ಮೇಲೆ, ಅವನು ಅಜ್ಜಯ್ಯನ ಎದುರು ಬಂದು ಕುಳಿತ. ಒಂದು ಓಲೆ ಬರೆದು ತಂದಿದ್ದ. ನಾಳೆ ಪಾರುಪತ್ಯಗಾರರ ಕೈಗೆ ಇದನ್ನು ಕೊಡೋಣ ಎಂದ. ಮಠದ ಭೂಮಿಯನ್ನು ಉಂಬಳಿಯ ಬದಲು ಸರ್ವಮಾನ್ಯ ಮಾಡಿಕೊಡಬೇಕೆಂಬ ಅರಿಕೆ ಅದು.

ಅಜ್ಜಯ್ಯ ಹಾಗೆಂದರೆ ಏನೆಂದು ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ.

ತಿಪ್ಪರಸ ವಿವರಿಸಿದ. ಭೂಮಿ ಹಿಡಿಯುವ ಬಗೆಗಳು ಹಲವು. ಗೇಣಿಯವನು ಉತ್ತು ಪಾಲು ಕೊಡುತ್ತಾನೆ. ಅರ್ಧಮಾನ್ಯದವನು ಅರ್ಧ ಕಂದಾಯ ಕೊಡುತ್ತಾನೆ. ಉಂಬಳಿಯವನು ಕಂದಾಯ ಕೊಡುವುದಿಲ್ಲ, ಕೆಲಸ ಕೊಡುತ್ತಾನೆ. ಸರ್ವಮಾನ್ಯದವನು ಯಾರಿಗೂ ಏನೂ ಕೊಡಬೇಕಾಗಿಲ್ಲ. ದೇವರ ಧ್ಯಾನ ಮಾಡುವವರಿಗೆ ಅದೇ ತಕ್ಕದ್ದು.

ಅಜ್ಜಯ್ಯ ಕೇಳಿದರು, "ಈ ನಿನ್ನ ಮೈಯನ್ನು ಯಾವ ಬಗೆಯಲ್ಲಿ ಹಿಡಿದಿದ್ದೀಯಪ್ಪ?"

ತಿಪ್ಪರಸ ಓಲೆಯನ್ನು ಕೆಳಗಿಟ್ಟ. "ಉಂಬಳಿ ಅನ್ನಬೇಕೇನೋ, ಅಜ್ಜಯ್ಯ."

"ಅನ್ನಬೇಕು. ಉಣ್ಣುವಾಗ ಮಾತ್ರ ಸರ್ವಮಾನ್ಯ ಅನಿಸುತ್ತದೆ."

ಓಲೆಯನ್ನು ಅವರು ಮುಟ್ಟಲಿಲ್ಲ. ಆರು ವರ್ಷದಲ್ಲಿ ನಿನಗೆ ಹರಿಗೋಲು ಭಾರವಾಗಿರಲಿಲ್ಲ, ಪ್ರಮಾಣದ ಹಿಂದಿನ ದಿನ ಯಾಕೆ ಭಾರವಾಯಿತು ಎಂದು ಕೇಳಿದರು.

ತಿಪ್ಪರಸನ ಮುಖ ಇಳಿಯಿತು. ಆಮೇಲೆ ಎಲ್ಲವನ್ನೂ ಹೇಳಿದ.

ಆಷಾಢದ ಹುಣ್ಣಿಮೆಯ ಹಿಂದಿನ ದಿನ ಅದು. ಅಜ್ಜಯ್ಯ ಪಕ್ಕದ ಊರಿಗೆ ಸಾವಿನ ಮನೆಗೆ ಹೋಗಿದ್ದರು. ಒಕ್ಕಲಿನವರೆಲ್ಲ ಮೇಲಿನ ಗದ್ದೆಯಲ್ಲಿ ನಾಟಿಗೆ ಬಗ್ಗಿದ್ದರು. ಮಠದಲ್ಲಿ ತಿಪ್ಪರಸ ಒಬ್ಬನೇ. ಹೊಳೆ ಏರಿತ್ತು, ಮರದ ಬೊಡ್ಡೆಗಳು ತೇಲಿಕೊಂಡು ಹೋಗುತ್ತಿದ್ದವು. ಆಚೆ ದಡದಲ್ಲಿ ಒಬ್ಬ ಬಂದು ನಿಂತ. ಕೂಗಿದ.

"ಎಷ್ಟು ಸಲ?" ಎಂದರು ಅಜ್ಜಯ್ಯ.

"ನಾಲ್ಕು ಸಲ."

"ಯಾರವನು?"

"ಗೊತ್ತಿಲ್ಲ. ಉಪ್ಪಿನ ಹೇರಿನವನು. ಎರಡು ಎತ್ತು ಇದ್ದವು. ಒಂದಕ್ಕೆ ಕೊಂಬು ಮುರಿದಿತ್ತು. ಮೂರನೆಯ ಸಲ ರುಮಾಲು ಬಿಚ್ಚಿ ಬೀಸಿದ. ಆಮೇಲೆ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತ. ಆಮೇಲೆ ಎದ್ದು ಎತ್ತು ಹೊಡೆದುಕೊಂಡು ಕೆಳಗಿನ ದಾರಿಗೆ ಹೋದ."

"ಅವನು ಏನಾದ?"

"ತಿಳಿಯದು, ಅಜ್ಜಯ್ಯ."

ಆದರೆ ಪಟದ ಪ್ರಕಾರ ಅದು ತಪ್ಪಿದ ಕೂಗಲ್ಲ ಎಂದು ತಿಪ್ಪರಸ ಬೇಗಬೇಗ ಹೇಳಿದ. ಉಂಬಳಿಯ ಎಲ್ಲೆ ನಡುಹೊಳೆಗೆ ಮುಗಿಯುತ್ತದೆ. ಆಚೆ ದಡ ಬೇರೆ ಪಾಳೆಯದ್ದು. ಪಟದಲ್ಲಿ ದಡ ಎಂದು ಬರೆದರೆ ಅದು ಈ ಭೂಮಿಯ ದಡವೇ ಆಗಬೇಕು. ಎಲ್ಲೆಯ ಹೊರಗಿನವನ ಕೂಗಿಗೆ ಈ ಭೂಮಿ ಕಟ್ಟುಬಿದ್ದಿಲ್ಲ. ಕರಣಿಕರ ಮನೆಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಆದ್ದರಿಂದ ನಾಳೆ ಮೂರು ಸಲ ಹೇಳಿದರೂ ಸುಳ್ಳಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂಬತ್ತು ಮನೆಗಳಿವೆ. ಮಕ್ಕಳಿದ್ದಾರೆ.

ಅಜ್ಜಯ್ಯ ಪೂರ್ತಿ ಕೇಳಿದರು. ತಲೆಯಾಡಿಸಿದರು. ಹೌದು, ಮಕ್ಕಳಿದ್ದಾರೆ ಎಂದಷ್ಟೇ ಅಂದರು. ಸರಿಯೆಂದೂ ಅನ್ನಲಿಲ್ಲ, ತಪ್ಪೆಂದೂ ಅನ್ನಲಿಲ್ಲ.

ಬೆಳಗಾಯಿತು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಅಜ್ಜಯ್ಯ ಹುಲುಗಪ್ಪನನ್ನು ಕರೆಸಿದರು. ಹುಲುಗಪ್ಪ ಒಂಬತ್ತು ಒಕ್ಕಲಿಗೂ ಹಿರಿಯ, ಹರಿಗೋಲಿನಲ್ಲಿ ಅವನ ಕೈ ಗಟ್ಟಿ. ಹರಿಗೋಲು ಇಳಿಸು, ತಿಪ್ಪರಸನನ್ನು ಆಚೆಗೆ ಬಿಟ್ಟುಬರಬೇಕು ಎಂದರು. ತಾವೂ ಹತ್ತಿ ಕುಳಿತರು.

ಹುಲುಗಪ್ಪ ಗೊಣಗಿದ. ಮಧ್ಯಾಹ್ನದೊಳಗೆ ಅರಮನೆಯವರು ಬರುತ್ತಾರೆ, ಪ್ರಮಾಣ ಮಾಡೋ ಅಯ್ಯನೋರೇ ಆಚೆ ಹೋದರೆ ಹೆಂಗೆ ಎಂದ. ಆದರೂ ಹುಟ್ಟು ಹಾಕಿದ. ಅಜ್ಜಯ್ಯನ ಕೆಲಸಕ್ಕೆ ಕಾರಣ ಕೇಳಿ ಅವನಿಗೆ ರೂಢಿಯಿಲ್ಲ.

ಹರಿಗೋಲು ಆಚೆ ದಡ ಮುಟ್ಟಿತು. ಅಜ್ಜಯ್ಯ ತಿಪ್ಪರಸನಿಗೆ ಇಳಿಯಲು ಹೇಳಿದರು.

"ನಾನೊಬ್ಬನೇ?"

"ಇಳಿಯಪ್ಪ. ಬರಬೇಕು ಅನಿಸಿದಾಗ ಕೂಗು. ಬರುತ್ತೇವೆ."

ಹರಿಗೋಲು ತಿರುಗಿಕೊಂಡು ಹೊರಟುಹೋಯಿತು.

ಆರು ವರ್ಷದಲ್ಲಿ ತಿಪ್ಪರಸ ಎಷ್ಟೋ ಜನರನ್ನು ಈ ದಡಕ್ಕೆ ತಂದು ಇಳಿಸಿದ್ದ. ಇಲ್ಲಿ ನಿಂತು ತನ್ನ ದಡವನ್ನು ನೋಡಿರಲಿಲ್ಲ. ಈಗ ನೋಡಿದ. ಹೊಳೆ ಆ ಜಾಗದಲ್ಲಿ ಕಿರಿದು. ಮಠದ ಜಗಲಿ ಕಾಣುತ್ತಿತ್ತು. ಜಗಲಿಯ ಕಂಬ, ಕಂಬಕ್ಕೆ ಒರಗಿಸಿಟ್ಟ ಹುಟ್ಟು, ಒಣಗಲು ಹಾಕಿದ ಪಂಚೆ, ಬಾಗಿಲು, ಎಲ್ಲ ಕಾಣುತ್ತಿತ್ತು.

ಅವತ್ತು ಅವನು ಜಗಲಿಯ ಮೇಲೆ ಕುಳಿತಿದ್ದ. ಮೊದಲ ಕೂಗಿಗೆ ತಲೆಯೆತ್ತಿದ. ಎರಡನೆಯದಕ್ಕೆ ಎದ್ದು ಒಳಗೆ ಹೋದ. ಬಾಗಿಲು ಅರ್ಧ ಮುಚ್ಚಿ ಸಂದಿಯಿಂದ ನೋಡುತ್ತಿದ್ದ.

ಉಪ್ಪಿನವನು ಅದನ್ನೆಲ್ಲ ನೋಡಿದ್ದಾನೆ. ನೋಡಿಯೂ ಇನ್ನೆರಡು ಸಲ ಕೂಗಿದ್ದಾನೆ.

ತಿಪ್ಪರಸ ಕಲ್ಲಿನ ಮೇಲೆ ಕುಳಿತ. ಕುಳಿತ ಮೇಲೆ ಅದೇ ಕಲ್ಲು ಎಂದು ತಿಳಿದು ಎದ್ದುನಿಂತ.

ಹೊತ್ತು ಏರಿತು. ಕೂಗಿದರೆ ಅವರು ಬರುತ್ತಾರೆ, ಅದರಲ್ಲಿ ಸಂಶಯವಿಲ್ಲ. ಬಂದರೆ ಈ ದಡದ ಕೂಗಿಗೂ ಮಠದ ಭೂಮಿ ಕಟ್ಟುಬಿದ್ದಿದೆ ಎಂದು ತಾನೇ ಒಪ್ಪಿದಂತೆ. ನಿನ್ನೆ ಹೇಳಿದ ಮಾತು ಹೊಳೆಯ ಪಾಲಾಗುತ್ತದೆ. ಆ ಮಾತು ಹೋದ ಮೇಲೆ ನೀರಲ್ಲಿ ನಿಂತು ಏನು ಹೇಳುವುದು?

ಕೂಗದಿದ್ದರೆ? ಹುಟ್ಟು ಹಿಡಿದವನು ಪ್ರಮಾಣಕ್ಕೆ ಇಲ್ಲವೆಂದರೆ ಭೂಮಿ ಹಾಗೆಯೇ ಹೋಗುತ್ತದೆ.

ಹೀಗೇ ಯೋಚಿಸುತ್ತ ಅವನು ಅಲ್ಲಿ ನಾಲ್ಕು ಹೆಜ್ಜೆ, ಇಲ್ಲಿ ನಾಲ್ಕು ಹೆಜ್ಜೆ ತಿರುಗಾಡಿದ.

ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಮಠದ ದಡದಲ್ಲಿ ಒಂದು ಕುದುರೆ ಕಾಣಿಸಿತು. ಹಿಂದೆ ಇಬ್ಬರು ಆಳುಗಳು, ಒಬ್ಬನ ಕೈಯಲ್ಲಿ ಕೊಡೆ, ಇನ್ನೊಬ್ಬನ ಕಂಕುಳಲ್ಲಿ ಬರೆಯುವ ಕಡತ. ಗದ್ದೆಯ ಕಡೆಯಿಂದ ಜನ ಒಬ್ಬೊಬ್ಬರೇ ಬಂದು ದಡದಲ್ಲಿ ಸೇರಿದರು. ಹೆಂಗಸರು, ಮಕ್ಕಳೂ ಬಂದರು. ಎಲ್ಲರೂ ಇತ್ತ ನೋಡುತ್ತ ನಿಂತರು.

ಯಾರೂ ಅವನನ್ನು ಕರೆಯಲಿಲ್ಲ. ಅಜ್ಜಯ್ಯ ಹರಿಗೋಲಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು.

ತಿಪ್ಪರಸ ನೀರಿನ ಅಂಚಿಗೆ ಬಂದು ನಿಂತ. ಕೂಗಿದ.

"ಅಜ್ಜಯ್ಯಾ..."

ಎರಡನೆಯ ಸಲ ಕೂಗಬೇಕಾಗಲಿಲ್ಲ. ಹರಿಗೋಲು ಆಗಲೇ ನೀರಿನಲ್ಲಿತ್ತು.

ಅಜ್ಜಯ್ಯ ತಾವೇ ಬಂದಿದ್ದರು, ಹುಲುಗಪ್ಪ ಹುಟ್ಟು ಹಾಕುತ್ತಿದ್ದ. ತಿಪ್ಪರಸ ಹತ್ತಿ ಕುಳಿತ.

ನಡುಹೊಳೆಗೆ ಬಂದಾಗ ಅಜ್ಜಯ್ಯ ಕೇಳಿದರು, "ಅವತ್ತು ನಿನಗೆ ಮೊದಲು ಬಂದದ್ದು ಯಾವುದು ತಮ್ಮಾ? ತಾಮ್ರಪಟದ ನೆನಪೋ, ಭಯವೋ?"

"ಭಯ," ಎಂದ ತಿಪ್ಪರಸ. "ಬೊಡ್ಡೆಗಳು ತೇಲಿಬರುತ್ತಿದ್ದವು. ಹರಿಗೋಲು ಮಗುಚುತ್ತದೆ ಅನಿಸಿತು. ಒಳಗೆ ಹೋದೆ. ಪಟ ನೆನಪಾದದ್ದು ಅವನು ಹೋದ ಮೇಲೆ."

ಹುಲುಗಪ್ಪನ ಕೈ ನಿಂತಿತು.

"ಯಾವನು ಹೋದ ಮೇಲೆ?"

ತಿಪ್ಪರಸ ಅಜ್ಜಯ್ಯನ ಮುಖ ನೋಡಿದ. ಅವರು ನೀರು ನೋಡುತ್ತಿದ್ದರು. ತಪ್ಪಿಸಿಕೊಳ್ಳಲು ಅಲ್ಲಿ ಬಾಗಿಲು ಇರಲಿಲ್ಲ. ಅವನು ಹುಲುಗಪ್ಪನಿಗೆ ಎಲ್ಲವನ್ನೂ ಹೇಳಿದ. ಉಪ್ಪಿನವನನ್ನು, ನಾಲ್ಕು ಕೂಗನ್ನು, ಅರ್ಧ ಮುಚ್ಚಿದ ಬಾಗಿಲನ್ನು.

ಹುಟ್ಟು ಇಲ್ಲದೆ ಹರಿಗೋಲು ನಡುಹೊಳೆಯಲ್ಲಿ ಗಿರಗಿರ ತಿರುಗತೊಡಗಿತು. ದಡದ ಜನ ಒಮ್ಮೆ ಈ ಪಕ್ಕಕ್ಕೆ, ಒಮ್ಮೆ ಆ ಪಕ್ಕಕ್ಕೆ ಕಂಡರು. ಹೊಳೆ ಹರಿಯುವ ದಿಕ್ಕಿನಲ್ಲಿ ಬಂಡೆಗಳಿದ್ದವು. ಹರಿಗೋಲು ಆ ಕಡೆಗೆ ಜಾರುತ್ತಿತ್ತು.

ಹುಲುಗಪ್ಪ ಅದನ್ನು ನೋಡಿಯೂ ನೋಡದವನಂತೆ ಹೇಳಿದ, "ಮೊನ್ನೆ ತಾನೇ ಮನೆಗೆ ಹೊಸ ಹುಲ್ಲು ಹೊದಿಸಿದೀನಿ."

ತಿಪ್ಪರಸ ತಲೆ ತಗ್ಗಿಸಿದ.

"ಓದು ಕಲಿತೋರಿಗೆ ಹೆದರೋಕೂ ಒಂದು ತಾಮ್ರಪಟ ಬೇಕು ನೋಡ್ರಿ. ನಮ್ಮಂಥೋರು ಹೆದರಿದ್ರೆ ಹೆದರಿದ್ವಿ ಅಂತೀವಿ, ಅಲ್ಲಿಗಾಯ್ತು. ಒಂದು ಮಾತು ಕರೆದಿದ್ರೆ ಗದ್ದೆಯಿಂದ ನಾನು ಓಡಿಬರ್ತಿರಲಿಲ್ವಾ?"

"ನಾನು ಈಗ ಏನು ಮಾಡಲಿ ಹುಲುಗಪ್ಪ? ಮನೆ ನಿಮ್ಮದು. ನೀನೇ ಹೇಳು."

"ನನ್ನ ಕೈಲಿ ಹೇಳಿಸಬೇಡ್ರಿ," ಎಂದ ಹುಲುಗಪ್ಪ. "ಕೇಳಿದ್ರೆ ಸುಳ್ಳು ಹೇಳಿ ಅಂತೀನಿ. ನನಗೆ ಐದು ಮಕ್ಕಳು. ಆ ಭಾರ ನನ್ನ ಬಾಯಿಗೆ ಹೊರಿಸಬೇಡ್ರಿ."

ಬಂಡೆಗೆ ಎರಡು ಮಾರು ಇರುವಾಗ ಅವನು ಹುಟ್ಟು ಹಾಕಿದ. ಹರಿಗೋಲು ದಡ ಮುಟ್ಟಿತು.

ಪಾರುಪತ್ಯಗಾರ ಕೋನಪ್ಪ ಕೆಟ್ಟವನೇನಲ್ಲ. ಕೆಲಸ ಬೇಗ ಮುಗಿದರೆ ಸಾಕೆನ್ನುವ ಮನುಷ್ಯ. ಅಜ್ಜಯ್ಯನಿಗೆ ಕೈಮುಗಿದ. ಇನ್ನೂ ಎರಡು ಊರು ಇದೆ, ಮಳೆ ಬರುವುದರೊಳಗೆ ಹೋಗಬೇಕು, ಮೂರು ಮಾತು ಹೇಳಿಸಿಬಿಡಿ ಎಂದ. ಒಕ್ಕಲಿನ ಹೆಂಗಸೊಬ್ಬಳು ಗದ್ದೆಯಿಂದ ಹೆಂಟೆ ತಂದು ತಿಪ್ಪರಸನ ಕೈಗೆ ಕೊಟ್ಟಳು. ನಾಟಿ ಮಾಡಿದ ಗದ್ದೆಯ ಮಣ್ಣು, ಇನ್ನೂ ಹಸಿಯಾಗಿತ್ತು.

ತಿಪ್ಪರಸ ನೀರಿಗೆ ಇಳಿದು ನಿಂತ.

ಹುಲುಗಪ್ಪ ಅವನಿಗೆ ಬೆನ್ನು ಮಾಡಿ ನಿಂತಿದ್ದ.

"ಹೇಳಿ," ಎಂದ ಕೋನಪ್ಪ.

ಹೆಂಟೆಯಿಂದ ನೀರು ಇಳಿದು ಮೊಣಕೈವರೆಗೂ ಬಂತು.

"ಒಂದು ಕೂಗು ತಪ್ಪಿದೆ," ಎಂದ ತಿಪ್ಪರಸ.

ಕೋನಪ್ಪ ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಮುಂದೆ ಬಾಗಿದ. ತಿಪ್ಪರಸ ಅದನ್ನೇ ಮತ್ತೆ ಹೇಳಿದ. ಹಿಂದೆ ಒಬ್ಬ ಮುದುಕಿ ಕುಸಿದು ಕುಳಿತಳು.

ಸ್ವಲ್ಪ ಯೋಚಿಸಿ ಹೇಳಿ ಎಂದು ಕೋನಪ್ಪ ದನಿ ತಗ್ಗಿಸಿದ. ಗಾಳಿಯ ಸದ್ದಿರಬಹುದು, ದನ ಕಾಯುವವರು ಕೂಗಿರಬಹುದು. ಆಮೇಲೆ ಏನೋ ಹೊಳೆದವನಂತೆ ಕೇಳಿದ, "ಕೂಗಿದ್ದು ಈಚೆ ದಡದಿಂದಲೋ, ಆಚೆಯಿಂದಲೋ?"

"ಆಚೆಯಿಂದ."

"ಹಾಗಿದ್ದರೆ ಅದು ಪಟದೊಳಗೆ ಬರುತ್ತದೋ ಇಲ್ಲವೋ, ನೋಡಬಹುದು. ಎಲ್ಲೆ ನಡುಹೊಳೆಗೇ ಮುಗಿಯುತ್ತದಲ್ಲ? ತಾವೂ ಕರಣಿಕರ ಮನೆಯವರಂತೆ. ತಾವು ಹೂಂ ಅಂದರೆ ನಾನು ಹಾಗೇ ಬರೆಸುತ್ತೇನೆ."

ಒಂಬತ್ತು ಮನೆಯವರೂ ಒಂದು ಹೆಜ್ಜೆ ಮುಂದೆ ಬಂದರು. ಈಗ ಹುಲುಗಪ್ಪನೂ ತಿರುಗಿದ್ದ. ಒಂದು ಹೂಂ ಸಾಕಿತ್ತು.

ತಿಪ್ಪರಸ ಅಜ್ಜಯ್ಯನನ್ನು ನೋಡಲಿಲ್ಲ. ಆಚೆಯ ಕಲ್ಲನ್ನು ನೋಡಿದ.

"ಈಗ ತಾನೇ ನಾನು ಆಚೆಯಿಂದಲೇ ಕೂಗಿದೆ, ಸ್ವಾಮಿ. ತಾವೂ ಕೇಳಿದಿರಿ. ಇವರು ಬಂದು ಕರೆತಂದರು. ನನ್ನ ಕೂಗು ಪಟದೊಳಗೆ ಬರುವುದಾದರೆ ಅವನದೂ ಬರುತ್ತದೆ."

ಮುಂದೆ ಬಂದು ಹೆಂಟೆಯನ್ನು ಕೋನಪ್ಪನ ಕೈಗೆ ಇಟ್ಟ.

ಕೋನಪ್ಪ ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತ. ಹುಟ್ಟಿದಂದಿನಿಂದ ಯಾರೂ ಅವನ ಕೈಗೆ ಹೆಂಟೆ ಇಟ್ಟಿರಲಿಲ್ಲ. ಬರೆಯುವವನಿಗೆ ಬರೆಯಲು ಹೇಳಿದ.

ಆಗ ತಿಪ್ಪರಸ ಇನ್ನೊಂದು ಮಾತಿದೆ ಎಂದ. ಭೂಮಿ ಯಾರದೇ ಆಗಲಿ, ನೆಟ್ಟ ಪೈರು ನೆಟ್ಟವನದು. ಕೊಯ್ದು ಕಣ ಮಾಡಿ ಮನೆಗೆ ಒಯ್ಯುವವರೆಗೆ ಒಕ್ಕಲನ್ನು ಎಬ್ಬಿಸುವಂತಿಲ್ಲ. ಇದು ಅರಮನೆಯದೇ ಕಟ್ಟಳೆ, ನನ್ನ ತಾತನೇ ಬರೆದದ್ದು, ಇದನ್ನೂ ಸೇರಿಸಿ ಬರೆಸಿ ಎಂದ. ಕೋನಪ್ಪ ಯೋಚಿಸಿ ಒಪ್ಪಿದ. ಸುಗ್ಗಿಯವರೆಗೆ ಒಂಬತ್ತು ಒಲೆ ಉರಿಯಬಹುದು ಎಂದಾಯಿತು.

ಅಜ್ಜಯ್ಯ ಒಂದೇ ಒಂದು ವಿಷಯ ವಿಚಾರಿಸಿದರು. ಇನ್ನು ಮುಂದೆ ಹರಿಗೋಲು ಹಾಕುವವರು ಯಾರು?

ಕೋನಪ್ಪ ಮುಜುಗರಪಟ್ಟ. ದಳವಾಯಿಗಳ ಬಾವಮೈದುನರು ಇದನ್ನು ಸರ್ವಮಾನ್ಯವಾಗಿ ಕೇಳಿದ್ದಾರೆ, ನಾಯಕರೂ ಹಾಗೇ ಕೊಡುತ್ತಾರೆ ಎಂದ. ಅದರಲ್ಲಿ ಹರಿಗೋಲಿನ ಕೆಲಸ ಇರುವುದಿಲ್ಲ.

ಕುದುರೆ ಹೊರಟುಹೋಯಿತು. ಜನ ಗುಂಪುಗುಂಪಾಗಿ ಗದ್ದೆಯ ಕಡೆಗೆ ನಡೆದರು. ಯಾರೂ ತಿಪ್ಪರಸನನ್ನು ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಹುಲುಗಪ್ಪ ಮಾತ್ರ ಹೋಗುತ್ತ ಹೋಗುತ್ತ ಒಂದು ಗಳಿಗೆ ನಿಂತ.

"ನೀವು ಮಾಡಿದ್ದು ಸರಿ ಅಂತ ಅನ್ನೋಕೆ ಇವತ್ತು ನನಗೆ ಬಾಯಿ ಬರ್ತಿಲ್ಲ, ಅಯ್ಯನೋರೆ. ಸುಗ್ಗಿ ತನಕ ದಿನ ಅವೆ. ಸಿಟ್ಟು ಇಳಿದ್ರೆ ಬಂದು ಹೇಳ್ತೀನಿ."

ಗದ್ದೆಯ ಕಡೆಗೆ ತಿರುಗಿ ಹೋದ.

ತಿಪ್ಪರಸ ಜಗಲಿಗೆ ಬಂದ. ಪಂಚೆ ಮಡಿಸಿದ, ಓಲೆಯ ಕಟ್ಟು ಕಟ್ಟಿದ. ಕಂಬಳಿ ಸುತ್ತಿ ಹೆಗಲಿಗೆ ಏರಿಸಿಕೊಂಡು ಅಜ್ಜಯ್ಯನ ಮುಂದೆ ಬಂದು ಸಾಷ್ಟಾಂಗ ಬಿದ್ದ.

ಅಜ್ಜಯ್ಯ ಹರಿಗೋಲನ್ನು ಮಗುಚಿ ಹಾಕಿ, ಅದರ ತಳದ ಚರ್ಮದಲ್ಲಿ ಎಲ್ಲಾದರೂ ಹರಿದಿದೆಯೇ ಎಂದು ಬೆರಳಿಂದ ತಡವಿ ನೋಡುತ್ತಿದ್ದರು. ಎಲ್ಲಿಗೆ ಹೊರಟೆ ಎಂದು ಕೇಳಿದರು.

"ಎಲ್ಲಿಗಾದರೂ, ಅಜ್ಜಯ್ಯ. ನನ್ನಿಂದ ಮಠದ ಉಂಬಳಿ ಹೋಯಿತು. ತಾವೂ ಇನ್ನು ಇಲ್ಲಿ ಇದ್ದು ಮಾಡುವುದೇನಿದೆ? ಪಟ ಹೋಯಿತು, ಗದ್ದೆ ಹೋಯಿತು. ಈ ದಡದಲ್ಲಿ ನಾವು ಹಿಡಿದದ್ದು ಏನೂ ಉಳಿಯಲಿಲ್ಲ."

ಅಜ್ಜಯ್ಯ ಒಂದು ಕಡೆ ಬೆರಳು ನಿಲ್ಲಿಸಿದರು. ಅಲ್ಲಿ ಚರ್ಮ ಸವೆದಿತ್ತು. ಹೊಲಿಯುವ ದಬ್ಬಳ ತರಲು ಕೈ ತೋರಿಸಿದರು.

"ಗದ್ದೆ ಹೋಯಿತು ತಮ್ಮಾ. ಹೊಳೆ ಹೋಗಿಲ್ಲವಲ್ಲ."